ಯಂತ್ರರಚಿತ ಕೋಡ್ ಮತ್ತು ಮುಕ್ತ ತಂತ್ರಾಂಶ ಪರವಾನಗಿ

ಕಂಪೈಲರ್, ಪಾರ್ಸರ್ ಜನರೇಟರ್, ಕೃತಕ ಬುದ್ಧಿಮತ್ತೆಯ ಸಹಾಯಕ ಮೊದಲಾದ ತಂತ್ರಾಂಶಗಳು ತಾವಾಗಿ ರಚಿಸಿಕೊಡುವ ಪ್ರೋಗ್ರಾಂಗೆ ಯಂತ್ರರಚಿತ ಕೋಡ್ ಎನ್ನುತ್ತಾರೆ. ಇದರ ಹಕ್ಕು ಮತ್ತು ಪರವಾನಗಿ ಸಾಮಾನ್ಯವಾಗಿ ಸಾಧನದ ಪರವಾನಗಿಯನ್ನು ಅವಲಂಬಿಸುವುದಿಲ್ಲ. ಹೊರಬಂದ ಕೋಡಿನಲ್ಲಿ ಯಾರ ಬರಹ ಸೇರಿದೆ ಎಂಬುದೇ ಮುಖ್ಯ.

ಮೂಲ ತತ್ವ

ಐಐಟಿ ಕಾನ್ಪುರದಲ್ಲಿ ಆರಂಭವಾಗಿ, ಹೈದರಾಬಾದಿನ ಗಚ್ಚಿಬೌಲಿಯಲ್ಲಿರುವ ಹೈದರಾಬಾದ್ ವಿಶ್ವವಿದ್ಯಾಲಯ ಮತ್ತು ಟ್ರಿಪಲ್ ಐಟಿಗಳಲ್ಲಿ ಬೆಳೆದ ‘ಅನುಸಾರಕ’, ಸಾಧನದ ಪರವಾನಗಿ ಫಲಿತಕ್ಕೆ ಅಂಟುವುದಿಲ್ಲ ಎಂಬುದಕ್ಕೆ ಒಳ್ಳೆಯ ಉದಾಹರಣೆ. ಕನ್ನಡ, ತೆಲುಗು ಮೊದಲಾದ ಭಾಷೆಗಳ ಪಠ್ಯವನ್ನು ಹಿಂದಿಯಲ್ಲಿ ಓದಲು ನೆರವಾಗುವ ಈ ತಂತ್ರಾಂಶವನ್ನು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಕನ್ನಡ ಕಥೆಯೊಂದನ್ನು ಅದಕ್ಕೆ ಕೊಟ್ಟರೆ ಹೊರಬರುವ ಹಿಂದಿ ಪಠ್ಯ ಅಷ್ಟರಿಂದಲೇ ಜಿಪಿಎಲ್‌ಗೆ ಒಳಪಡುವುದಿಲ್ಲ. ಅದರ ಮೇಲೆ ಮೂಲ ಲೇಖಕರ ಹಕ್ಕು ಉಳಿಯುತ್ತದೆ. ಕೋಡಿಗೂ ಇದೇ ನಿಯಮ.

ವಿನಾಯಿತಿಗಳು

ಸಾಧನ ತನ್ನದೇ ಕೋಡಿನ ಗಣನೀಯ ಭಾಗವನ್ನು ಫಲಿತದೊಳಗೆ ಸೇರಿಸಿದಾಗ ಸ್ಥಿತಿ ಬದಲಾಗುತ್ತದೆ. ಗ್ನೂ ಬೈಸನ್ ಎಂಬ ಪಾರ್ಸರ್ ಜನರೇಟರ್ ರಚಿಸುವ ಪಾರ್ಸರ್‌ನಲ್ಲಿ ಬೈಸನ್ನಿನದೇ ಚೌಕಟ್ಟಿನ ಕೋಡ್ ಇರುತ್ತದೆ. ಈ ಕಾರಣಕ್ಕೆ ಅದರ ಹಳೆಯ ಆವೃತ್ತಿಗಳು ರಚಿಸಿದ ಪಾರ್ಸರನ್ನು ಮುಕ್ತ ತಂತ್ರಾಂಶಗಳಲ್ಲಿ ಮಾತ್ರ ಬಳಸಬಹುದಿತ್ತು. ಈ ನಿರ್ಬಂಧವನ್ನು ತೆಗೆಯಲು ವಿಶೇಷ ವಿನಾಯಿತಿಯನ್ನು ಸೇರಿಸಲಾಯಿತು, 2006ರ 2.2ನೇ ಆವೃತ್ತಿ ಅದನ್ನು ವಿಸ್ತರಿಸಿತು. ಜಿಸಿಸಿ ಕಂಪೈಲರ್ ಜೋಡಿಸುವ ರನ್‌ಟೈಮ್ ಲೈಬ್ರರಿಗಳಿಗೆ 2009ರಲ್ಲಿ ಇಂಥದೇ ಪರಿಷ್ಕೃತ ವಿನಾಯಿತಿ ಬಂತು.

ಕೃತಕ ಬುದ್ಧಿಮತ್ತೆ

ಕೃತಕ ಬುದ್ಧಿಮತ್ತೆಯ ಸಹಾಯಕಗಳು ಅಪಾರ ಪ್ರಮಾಣದ ಮುಕ್ತ ಕೋಡಿನಿಂದ ಕಲಿತಿರುತ್ತವೆ. ಕೆಲವೊಮ್ಮೆ ಅವು ಕಲಿತ ಕೋಡನ್ನೇ ಹೆಚ್ಚುಕಡಿಮೆ ಯಥಾವತ್ತಾಗಿ ಒಪ್ಪಿಸಬಲ್ಲವು. ಆಗ ಲೇಖಕರ ಹೆಸರು, ಹಕ್ಕುಸ್ವಾಮ್ಯ ಸೂಚನೆ, ಪರವಾನಗಿ ಪಠ್ಯ ಬಿಟ್ಟುಹೋಗುತ್ತವೆ. ಗಿಟ್‌ಹಬ್ ಕೋಪೈಲಟ್ ಎಂಬ ಸಹಾಯಕದ ಕುರಿತು ಇದೇ ಆಕ್ಷೇಪದ ಮೇಲೆ 2022ರ ನವೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೊಕದ್ದಮೆ ಹೂಡಲಾಯಿತು. 2024ರಲ್ಲಿ ಜೆಂಟೂ ಮತ್ತು ನೆಟ್‌ಬಿಎಸ್‌ಡಿ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳ ಯೋಜನೆಗಳು ಕೃತಕ ಬುದ್ಧಿಮತ್ತೆ ರಚಿಸಿದ ಕೋಡಿನ ಸ್ವೀಕಾರಕ್ಕೆ ಕಟ್ಟುನಿಟ್ಟಿನ ನಿಯಮ ತಂದವು.

ಭಾರತೀಯ ಕಾನೂನು

1957ರ ಕೃತಿಸ್ವಾಮ್ಯ ಅಧಿನಿಯಮ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯೆಂದು ಪರಿಗಣಿಸುತ್ತದೆ. 1994ರ ತಿದ್ದುಪಡಿಯಿಂದ ಸೇರಿದ 2(ಡಿ)(6) ಉಪವಿಧಿಯ ಪ್ರಕಾರ, ಕಂಪ್ಯೂಟರ್‌ರಚಿತ ಕೃತಿಯ ಸೃಷ್ಟಿಗೆ ಕಾರಣನಾದ ವ್ಯಕ್ತಿಯೇ ಅದರ ಕರ್ತೃ. ಆದರೆ ಕೃತಿ ಸ್ವಂತಿಕೆಯಿಂದ ಕೂಡಿರಬೇಕು. 2007ರ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇವಲ ಶ್ರಮ ಸಾಲದು, ಕೌಶಲ ಮತ್ತು ವಿವೇಚನೆಯೂ ಕಾಣಬೇಕು ಎಂದಿತು. ಈ ಗುಣವಿಲ್ಲದ, ಹಾಗಾಗಿ ಹಕ್ಕುಸ್ವಾಮ್ಯವೇ ಇಲ್ಲದ ಕೋಡಿನ ಮೇಲೆ ಪರವಾನಗಿಯ ಷರತ್ತು ಹೇರುವುದು ಕಷ್ಟ.

ಬಳಕೆಯಲ್ಲಿ ಎಚ್ಚರ

ಯಂತ್ರರಚಿತ ಕೋಡನ್ನು ಹಂಚುವವರು ಬಳಸಿದ ಸಾಧನವನ್ನು ನಮೂದಿಸಬೇಕು, ಅದರ ವಿನಾಯಿತಿಯನ್ನು ಓದಬೇಕು ಮತ್ತು ಪರರ ಕೋಡಿನೊಂದಿಗೆ ಹೋಲಿಕೆ ಕಂಡರೆ ಮೂಲ ಪರವಾನಗಿಯನ್ನು ಪಾಲಿಸಬೇಕು. ಮುಕ್ತ ತಂತ್ರಾಂಶ ನಿಂತಿರುವುದು ಬರೆದವರ ಹಕ್ಕನ್ನು ಗೌರವಿಸುವ ನಂಬಿಕೆಯ ಮೇಲೆ. ಯಂತ್ರ ಬರೆದುಕೊಟ್ಟಿತೆಂಬ ಕಾರಣಕ್ಕೆ ಬಳಸುವವರ ಈ ಹೊಣೆ ಕಡಿಮೆಯಾಗುವುದಿಲ್ಲ.