ಖಾನ್ ಮನೆಯ ಮಕ್ಕಳು

ಪರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರದು ಒಂದೇ ಅಳಲು: "ಮೇಷ್ಟ್ರೇ, ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಕೊಡುತ್ತವೆ." ಇದರಲ್ಲಿ ಮಕ್ಕಳ ಪಕ್ಷದ ವಾದ ಕೇಳಿಬರುವುದು ಕಡಿಮೆ. ಬ್ರಿಟನ್ನಿಗೆ ವಲಸೆ ಹೋದ ನಮ್ಮ ಉಪಖಂಡದವರ ಮಕ್ಕಳು ಆ ವಾದವನ್ನು ರಂಗದ ಮೇಲೆ ಮಂಡಿಸಿದ ಬಗೆಯನ್ನು ಇಲ್ಲಿ ಹೇಳಬೇಕೆನಿಸಿದೆ.

1976ರ ಜೂನ್ ತಿಂಗಳಲ್ಲಿ ಲಂಡನ್ನಿನ ಸೌತಾಲಿನಲ್ಲಿ ಗುರುದೀಪ್ ಸಿಂಗ್ ಚಗ್ಗರ್ ಎಂಬ 18 ವರ್ಷದ ತರುಣನನ್ನು ಬಿಳಿಯ ಯುವಕರ ಗುಂಪೊಂದು ಇರಿದು ಕೊಂದಿತು. ಆ ಆಘಾತದಿಂದಲೇ ಮರುವರ್ಷ 'ತಾರಾ ಆರ್ಟ್ಸ್' ನಾಟಕ ತಂಡ ಹುಟ್ಟಿತು. ಅದನ್ನು ಗೆಳೆಯರೊಡನೆ ಕಟ್ಟಿದ ಜತಿಂದರ್ ವರ್ಮಾ ಪೂರ್ವ ಆಫ್ರಿಕಾದಲ್ಲಿ ಬೆಳೆದು, 1968ರಲ್ಲಿ ಇಂಗ್ಲೆಂಡಿಗೆ ಬಂದವರು. ಕೋಪದ ಕಾಲದಲ್ಲಿ ಘೋಷಣೆಯ ನಾಟಕ ಆಡುವುದು ಸುಲಭ. ಆದರೆ ಅವರು ಮೊದಲು ಆರಿಸಿಕೊಂಡದ್ದು ದೇವರ ಹೆಸರಿನಲ್ಲಿ ರಕ್ತ ಹರಿಸುವುದನ್ನು ಪ್ರಶ್ನಿಸುವ ಟಾಗೋರರ ನಾಟಕವನ್ನು. ಮುಂದೆ 1990ರಲ್ಲಿ ವರ್ಮಾ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಮೋಲಿಯೇರನ 'ತಾರ್ತೂಫ್' ನಾಟಕವನ್ನು ಮೊಗಲರ ಭಾರತಕ್ಕೆ ತಂದು ಆಡಿಸಿದರು. ಮರುವರ್ಷ ಅಲ್ಲಿಯೇ ಶೂದ್ರಕನ 'ಮೃಚ್ಛಕಟಿಕ'. (ತರಗತಿಯಲ್ಲಿ ಶಕಾರನ ಮಾತು ಕೇಳಿ ನೀವೆಲ್ಲ ನಕ್ಕದ್ದು ನೆನಪಿದೆಯೇ?) ತಮ್ಮ ರಂಗದ ಬೆರಕೆ ಇಂಗ್ಲಿಷಿಗೆ ವರ್ಮಾ 'ಬಿಂಗ್ಲಿಷ್' ಎಂದು ಹೆಸರಿಟ್ಟರು. ನಾವು ಕಂಡು ಮೂಗು ಮುರಿಯುವ ಕಲಬೆರಕೆಯೇ ಅವರಿಗೆ ರಂಗಭಾಷೆಯಾಯಿತು.

ಆದರೂ ನನ್ನನ್ನು ಹೆಚ್ಚು ಕಾಡಿದ್ದು, 1996ರಲ್ಲಿ ರಂಗಕ್ಕೆ ಬಂದ ಅಯೂಬ್ ಖಾನ್-ದಿನ್ ಅವರ 'ಈಸ್ಟ್ ಈಸ್ ಈಸ್ಟ್'. ಸಾಲ್ಫರ್ಡಿನಲ್ಲಿ ಪಾಕಿಸ್ತಾನಿ ತಂದೆಗೂ ಇಂಗ್ಲಿಷ್ ತಾಯಿಗೂ ಹುಟ್ಟಿದ ಲೇಖಕರು ತಮ್ಮ ಬಾಲ್ಯದಿಂದಲೇ ಎತ್ತಿಕೊಂಡ ಕಥೆ. ಹುರಿದ ಮೀನಿನ ಅಂಗಡಿಯ ಜಾರ್ಜ್ ಖಾನ್ ಮಕ್ಕಳನ್ನು ಕೇಳದೆಯೇ ಅವರ ಮದುವೆ ನಿಶ್ಚಯಿಸುತ್ತಾನೆ. ಎದುರಾಡಿದ ಹೆಂಡತಿಯ ಮೇಲೆ ಕೈಮಾಡುತ್ತಾನೆ. ಕಾಲ 1970ರ ಆಸುಪಾಸು. ದೂರದಲ್ಲಿ ಪೂರ್ವ ಪಾಕಿಸ್ತಾನ ಕೈತಪ್ಪುತ್ತಿದೆ, ಮನೆಯಲ್ಲಿ ಮಕ್ಕಳು. ಅವನ ಹಿಂಸೆಯನ್ನು ನಾನು ಕ್ಷಮಿಸಲಾರೆ. ಅವನ ಭಯವನ್ನು ಮಾತ್ರ ಬಲ್ಲೆ.

ಮಕ್ಕಳಾದರೂ ಒಂದೇ ಅಚ್ಚಿನವರಲ್ಲ. ತಾರಿಕ್ ಅಪ್ಪನ ದಾರಿಯನ್ನು ಧಿಕ್ಕರಿಸುವವನು. ಮನೀರ್ ಶ್ರದ್ಧಾವಂತ, ಒಡಹುಟ್ಟಿದವರು ಅವನಿಗಿಟ್ಟ ಅಡ್ಡಹೆಸರು 'ಗಾಂಧಿ'! ಅದೂ ಪಾಕಿಸ್ತಾನಿ ಅಪ್ಪನ ಮನೆಯಲ್ಲಿ. ಕಿರಿಯ ಸಾಜಿದನಂತೂ ತಲೆ ಮುಚ್ಚುವ ತನ್ನ ಕೋಟನ್ನು ಮನೆಯೊಳಗೂ ತೆಗೆಯನು. ಇವರೆಲ್ಲರಿಗಿಂತ ನನಗೆ ಹತ್ತಿರದವನು ಅಬ್ದುಲ್. ಜೊತೆಯ ಕೆಲಸಗಾರರೊಡನೆ ಪಬ್ಬಿನಲ್ಲಿ ಕುಳಿತವನಿಗೆ, ಅವರ ಹಾಸ್ಯದ ನಡುವೆ ತಾನು ಪರಕೀಯನೆಂಬುದು ಹೊಳೆಯುತ್ತದೆ. ಮನೆಗೆ ಮರಳಿದರೆ ಅಲ್ಲಿ ಅಪ್ಪ ಗೊತ್ತುಮಾಡಿದ ಮದುವೆ ಕಾದಿದೆ.

1999ರಲ್ಲಿ ಈ ನಾಟಕ ಚಲನಚಿತ್ರವಾಯಿತು. ಜಾರ್ಜ್ ಆಗಿ ನಟಿಸಿದವರು ಓಂ ಪುರಿ. ಮಾತು ಒರಟಾದುದರಿಂದ ಚಿಕ್ಕವರಿಗೆ ಬೇಡ. ಪ್ರಾಯಕ್ಕೆ ಬಂದ ಮಕ್ಕಳೊಡನೆ ಕುಳಿತು ನೋಡಿ, ಅವರು ಯಾರ ಪಕ್ಷ ವಹಿಸಿದರೆಂದು ನನಗೂ ತಿಳಿಸಿ.