ಗುರುತು ಕೇಳುವವರ ಮುಂದಿನ ಪರದೆ: ಹೊರಗುತ್ತಿಗೆ ಗ್ರಾಹಕ ಸೇವೆಯಲ್ಲಿ ಮಾಹಿತಿ ಕಳವು ಮತ್ತು ಹೊಣೆಯ ಪ್ರಶ್ನೆ

2005ರ ಏಪ್ರಿಲ್‌ನಲ್ಲಿ ಪುಣೆಯ ಪೊಲೀಸರು ಎಂಫಸಿಸ್ ಸಂಸ್ಥೆಯ ಕಾಲ್ ಸೆಂಟರಿನಲ್ಲಿ ಕೆಲಸ ಮಾಡಿದ್ದ ಕೆಲವರನ್ನೂ ಅವರ ಸಂಗಡಿಗರನ್ನೂ ಬಂಧಿಸಿದರು. ಆ ಕೇಂದ್ರ ಅಮೆರಿಕದ ಸಿಟಿಬ್ಯಾಂಕ್ ಗ್ರಾಹಕರ ಕರೆಗಳನ್ನು ನೋಡಿಕೊಳ್ಳುತ್ತಿತ್ತು. ಕಳುವಾದದ್ದು 3.5 ಲಕ್ಷ ಡಾಲರ್‌ಗೂ ಹೆಚ್ಚು. ಆದರೆ ಯಾರೂ ಕಂಪ್ಯೂಟರ್ ವ್ಯವಸ್ಥೆಯನ್ನು ಭೇದಿಸಿರಲಿಲ್ಲ. ಸಹಾಯ ಕೇಳಿ ಫೋನ್ ಮಾಡಿದವರಿಂದ ಮಾತಿನ ನಡುವೆಯೇ ಪಿನ್ ತಿಳಿದುಕೊಂಡು, ಸುಳ್ಳು ಹೆಸರಿನಲ್ಲಿ ಪುಣೆಯಲ್ಲೇ ತೆರೆದಿದ್ದ ಖಾತೆಗಳಿಗೆ ಹಣ ವರ್ಗಾಯಿಸಿಕೊಂಡಿದ್ದರು. ಮರುವರ್ಷ ಜೂನ್‌ನಲ್ಲಿ ಬೆಂಗಳೂರಿನ ಎಚ್‌ಎಸ್‌ಬಿಸಿ ದತ್ತಾಂಶ ಕೇಂದ್ರದ ನೌಕರನೊಬ್ಬನ ಬಂಧನವಾಯಿತು. ಬ್ರಿಟನ್ನಿನ ಸುಮಾರು 20 ಗ್ರಾಹಕರ ಖಾತೆಗಳಿಂದ 2.33 ಲಕ್ಷ ಪೌಂಡ್ ಹೋಗಿತ್ತು.

ಆಗ ಎದ್ದ ಚರ್ಚೆಯೆಲ್ಲ ನೌಕರರ ನಡತೆಯ ಸುತ್ತಲೇ ನಡೆಯಿತು. ಮಾಹಿತಿ ತಂತ್ರಜ್ಞಾನ ಉದ್ಯಮದ ಸಂಘಟನೆಯಾದ ನಾಸ್ಕಾಂ 2006ರಲ್ಲಿ ಉದ್ಯೋಗಿಗಳ ಹಿನ್ನೆಲೆ ದಾಖಲಿಸುವ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿಯನ್ನು ಆರಂಭಿಸಿತು. ಬಿಪಿಒಗಳಲ್ಲಿ ಫ್ಲೋರ್‌ಗೆ ಮೊಬೈಲ್, ಪೆನ್ನು, ಕಾಗದ ಒಯ್ಯಬಾರದೆಂಬ ಕಟ್ಟುಪಾಡು ಬಿಗಿಯಾಯಿತು. ಈ ಕ್ರಮಗಳು ಬೇಡವೆಂದಲ್ಲ. ಆದರೆ ರಾತ್ರಿಪಾಳಿಯ ಯುವಜನರನ್ನು ಬಾಗಿಲಲ್ಲಿ ತಡವಿ ನೋಡುವುದರಿಂದ ಮೂಲದೋಷ ಹೋಗುವುದಿಲ್ಲ ಎಂಬುದು ಈ ಲೇಖನದ ವಾದ. ಆ ದೋಷ ಇರುವುದು ಅವರ ಪರದೆ ಎಷ್ಟು ತೋರಿಸುತ್ತದೆ ಎಂಬುದರಲ್ಲಿ.

ಕರೆ ಮಾಡಿದವರು ನಿಜವಾದ ಖಾತೆದಾರರೇ ಎಂದು ತಿಳಿಯಲು ಜನ್ಮದಿನಾಂಕ, ತಾಯಿಯ ತವರಿನ ಹೆಸರು, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಈಚಿನ ಒಂದು ವಹಿವಾಟು ಕೇಳುವುದು ವಾಡಿಕೆ. ಉತ್ತರ ತಾಳೆಯಾಗುತ್ತದೆಯೇ ಎಂದು ಏಜೆಂಟ್ ತಾನೇ ನೋಡಬೇಕಾದ ಕಡೆ ಸರಿಯುತ್ತರ ಅವರ ಕಣ್ಣೆದುರೇ ಇರುತ್ತದೆ. ಹಾಗಾಗಿ ಗುರುತನ್ನು ಪರೀಕ್ಷಿಸುವವರಿಗೆ ಆ ಗುರುತನ್ನು ಧರಿಸಲು ಬೇಕಾದದ್ದೆಲ್ಲ ಸಿಕ್ಕಿಬಿಡುತ್ತದೆ. ಕಾರ್ಡ್ ಉದ್ಯಮದ ಪಿಸಿಐ ಮಾನದಂಡ 2004ರಲ್ಲೇ ಬಂತು. ವಹಿವಾಟು ಒಪ್ಪಿಗೆಯಾದ ಮೇಲೆ ಸಿವಿವಿ ಉಳಿಸಿಕೊಳ್ಳಬಾರದು, ಕಾರ್ಡ್ ಸಂಖ್ಯೆಯ ನಡುವಿನ ಅಂಕಿಗಳನ್ನು ಮರೆಮಾಡಬೇಕು ಎಂದು ಅದು ಹೇಳುತ್ತದೆ. ಆದರೆ ವಿಳಾಸ, ದೂರಿನ ಇತಿಹಾಸ, ಹಳೆಯ ಕರೆಗಳ ಟಿಪ್ಪಣಿ ಅದರ ವ್ಯಾಪ್ತಿಗೆ ಬರುವುದಿಲ್ಲ. ವಂಚಕನಿಗೆ ಇವೇ ಹೆಚ್ಚು ಬೆಲೆಯುಳ್ಳವು.

ಇದಕ್ಕೆ ಬ್ರಿಟನ್ನಿನ ಟಾಕ್‌ಟಾಕ್ ದೂರವಾಣಿ ಕಂಪನಿಯ ಪ್ರಕರಣ ಸ್ಪಷ್ಟ ನಿದರ್ಶನ. 2014ರ ಸೆಪ್ಟೆಂಬರ್‌ನಿಂದ ಅದರ ಗ್ರಾಹಕರಿಗೆ ವಂಚಕರ ಕರೆಗಳು ಬರತೊಡಗಿದವು. ಕರೆ ಮಾಡಿದವರು ಮನೆಯ ವಿಳಾಸವನ್ನೂ ಖಾತೆ ಸಂಖ್ಯೆಯನ್ನೂ ತಪ್ಪಿಲ್ಲದೆ ಹೇಳುತ್ತಿದ್ದರು. ದೂರುಗಳನ್ನು ಬಗೆಹರಿಸುವ ಕೆಲಸವನ್ನು ವಿಪ್ರೋಗೆ ಹೊರಗುತ್ತಿಗೆ ಕೊಡಲಾಗಿತ್ತು. ಅಲ್ಲಿನ 40 ಮಂದಿಗೆ 25 ಸಾವಿರದಿಂದ 50 ಸಾವಿರ ಗ್ರಾಹಕರ ವಿವರ ತೆರೆದಿತ್ತು. ಹುಡುಕುವ ಪೆಟ್ಟಿಗೆಯಲ್ಲಿ ಒಂದು ಅಕ್ಷರದ ಮುಂದೆ ನಕ್ಷತ್ರಚಿಹ್ನೆ ಒತ್ತಿದರೆ ಆ ಅಕ್ಷರದಿಂದ ಶುರುವಾಗುವ ಅಡ್ಡಹೆಸರುಗಳೆಲ್ಲ ಬರುತ್ತಿದ್ದವು. ಒಮ್ಮೆಗೆ 500 ದಾಖಲೆಗಳನ್ನು ನೋಡಬಹುದಿತ್ತು, ಇಳಿಸಿಕೊಳ್ಳಲೂಬಹುದಿತ್ತು. ಇಂಟರ್‌ನೆಟ್ ಇರುವ ಯಾವ ಕಂಪ್ಯೂಟರಿನಿಂದಲೂ ಒಳಹೊಕ್ಕಬಹುದಿತ್ತು. ಒಂದು ದೂರು ಬಗೆಹರಿಸಲು ಒಬ್ಬ ಗ್ರಾಹಕರ ಕಡತ ಸಾಕು. ಐನೂರು ಕಡತ ಯಾರ ಕೆಲಸಕ್ಕೂ ಬೇಕಿರಲಿಲ್ಲ. ಬ್ರಿಟನ್ನಿನ ಮಾಹಿತಿ ಆಯುಕ್ತರು 2017ರ ಆಗಸ್ಟ್‌ನಲ್ಲಿ ಒಂದು ಲಕ್ಷ ಪೌಂಡ್ ದಂಡ ವಿಧಿಸಿದ್ದು ಟಾಕ್‌ಟಾಕ್‌ಗೆ. ಬಾಗಿಲು ಇಷ್ಟು ಅಗಲವಾಗಿ ತೆರೆದಿಟ್ಟವರೇ ಹೊಣೆಗಾರರು ಎಂಬ ಆ ನಿರ್ಣಯ ನನಗೆ ಸರಿಯೆನಿಸುತ್ತದೆ.

ಪರದೆ ಹಾಗೇ ಉಳಿದರೆ ಮೊಬೈಲ್ ಒಯ್ಯಬಾರದೆಂಬಂಥ ನಿಷೇಧಗಳು ಎಷ್ಟು ದುರ್ಬಲ ಎಂಬುದನ್ನು ಕ್ರಿಪ್ಟೊ ಕರೆನ್ಸಿ ವಿನಿಮಯ ಸಂಸ್ಥೆಯಾದ ಕಾಯಿನ್‌ಬೇಸ್‌ನ 2025ರ ಪ್ರಕರಣ ತೋರಿಸಿತು. ಹೊರದೇಶಗಳ ಗ್ರಾಹಕ ಸೇವಾ ಸಿಬ್ಬಂದಿಗೆ ಲಂಚ ಕೊಟ್ಟು 69 ಸಾವಿರಕ್ಕೂ ಹೆಚ್ಚು ಗ್ರಾಹಕರ ವಿವರ ಪಡೆಯಲಾಗಿತ್ತು. ಇಂದೋರ್‌ನ ಹೊರಗುತ್ತಿಗೆ ಕೇಂದ್ರದಲ್ಲಿ ನೌಕರರೊಬ್ಬರು ಕೆಲಸದ ಪರದೆಯನ್ನು ತಮ್ಮ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾ ಸಿಕ್ಕಿಬಿದ್ದರೆಂದು ವರದಿಯಾಯಿತು.

ನಮ್ಮ ಕಾನೂನು ಈ ವಿಷಯದಲ್ಲಿ ಎರಡು ಮನಸ್ಸಿನದು. 2008ರ ತಿದ್ದುಪಡಿ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಗುರುತು ಕಳವಿನ 66ಸಿ ಕಲಮನ್ನೂ, ಒಪ್ಪಂದ ಮುರಿದು ಮಾಹಿತಿ ಬಿಟ್ಟುಕೊಡುವವರಿಗೆ ಶಿಕ್ಷೆ ವಿಧಿಸುವ 72ಎ ಕಲಮನ್ನೂ ಸೇರಿಸಿತು. ಎರಡರಲ್ಲೂ ಮೂರು ವರ್ಷದವರೆಗೆ ಸೆರೆವಾಸವಿದೆ. ಆದರೆ ಕೇಂದ್ರ ಸರ್ಕಾರದ 2011ರ ಆಗಸ್ಟ್‌ನ ಸ್ಪಷ್ಟೀಕರಣವು ಗುತ್ತಿಗೆಯ ಮೇಲೆ ಸೇವೆ ಕೊಡುವ ಕಂಪನಿಗಳನ್ನು ಮಾಹಿತಿ ಸಂಗ್ರಹ ಮತ್ತು ಹಂಚಿಕೆಯ ನಿಯಮಗಳಿಂದ ಹೊರಗಿಟ್ಟಿತು. 2023ರ ದತ್ತಾಂಶ ರಕ್ಷಣಾ ಕಾಯ್ದೆಯ 17ನೇ ಕಲಮೂ ವಿದೇಶಿ ಗ್ರಾಹಕರ ಮಾಹಿತಿಯನ್ನು ಗುತ್ತಿಗೆಯಡಿ ನಿರ್ವಹಿಸುವವರ ಮೇಲೆ ಮುಖ್ಯವಾಗಿ ಭದ್ರತೆಯ ಹೊಣೆಯನ್ನಷ್ಟೇ ಉಳಿಸಿದೆ. ತಪ್ಪೆಸಗಿದ ನೌಕರನಿಗೆ ಜೈಲು, ಅವನ ಮುಂದೆ ಬೇಡದ್ದನ್ನೆಲ್ಲ ತೆರೆದಿಟ್ಟ ಸಂಸ್ಥೆಗೆ ರಿಯಾಯಿತಿ.

ಸ್ವದೇಶದ ಗ್ರಾಹಕರ ಸ್ಥಿತಿ ಇನ್ನೂ ನೋವಿನದು. ಇಲ್ಲಿ ಆನ್‌ಲೈನ್ ಕಾರ್ಡ್ ಪಾವತಿಗೆ 2009ರಿಂದ ಎರಡನೆಯ ದೃಢೀಕರಣ ಕಡ್ಡಾಯ. ಆದ್ದರಿಂದ ಸೋರಿದ ಮಾಹಿತಿಯಿಂದ ನೇರವಾಗಿ ಹಣ ತೆಗೆಯುವುದು ಕಷ್ಟ. ಅದು ನಂಬಿಕೆ ಹುಟ್ಟಿಸಲು ಬಳಕೆಯಾಗುತ್ತದೆ. "ನಿಮ್ಮ ಕಾರ್ಡಿನ ಕೊನೆಯ ನಾಲ್ಕು ಅಂಕಿ ಇದೇ ಅಲ್ವಾ ಸರ್?" ಎಂದು ಆರಂಭವಾಗುವ ಕರೆ ಒಟಿಪಿಯಲ್ಲಿ ಮುಗಿಯುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ ಲೋಪ ಬ್ಯಾಂಕಿನದಾದರೆ ಗ್ರಾಹಕರಿಗೆ ಯಾವ ನಷ್ಟವೂ ಇಲ್ಲ. ಗುಪ್ತ ವಿವರವನ್ನು ಗ್ರಾಹಕರೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ. ಒಟಿಪಿ ಹೇಳಿದ ಆ ಒಂದು ಗಳಿಗೆಯಷ್ಟೇ ಲೆಕ್ಕಕ್ಕೆ ಬಂದು, ಕರೆ ಮಾಡಿದವನಿಗೆ ಆ ನಾಲ್ಕು ಅಂಕಿ ಎಲ್ಲಿಂದ ಸಿಕ್ಕಿತೆಂಬ ಪ್ರಶ್ನೆ ಬಿಟ್ಟುಹೋದರೆ ಅದು ಅನ್ಯಾಯ. ಹೊರಗುತ್ತಿಗೆ ಕೊಟ್ಟರೂ ಹೊಣೆ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕ್ 2006ರಿಂದಲೂ ಹೇಳುತ್ತಿದೆ. ಹಾಗಿದ್ದಮೇಲೆ ಗುತ್ತಿಗೆದಾರರ ಪರದೆಯಿಂದ ಸೋರಿದ ವಿವರವನ್ನು ಬ್ಯಾಂಕಿನ ಲೋಪವೆಂದೇ ಎಣಿಸಬೇಕು.

ಗ್ರಾಹಕರದೇ ತಪ್ಪೆಂದು ರುಜುವಾತುಪಡಿಸುವ ಭಾರವನ್ನೂ ಅದೇ ಸುತ್ತೋಲೆ ಬ್ಯಾಂಕಿನ ಮೇಲೆ ಹಾಕಿದೆ. ಆದರೆ ಆ ಖಾತೆಯನ್ನು ಯಾವ ನೌಕರ, ಯಾವ ದಿನ, ಯಾವ ಕರೆಯ ಸಂಬಂಧ ತೆರೆದು ನೋಡಿದ ಎಂಬ ದಾಖಲೆ ಬ್ಯಾಂಕಿನ ಬಳಿಯೋ ಗುತ್ತಿಗೆದಾರರ ಬಳಿಯೋ ಇರುತ್ತದೆ. ಹಣ ಕಳೆದುಕೊಂಡವರ ಕೈಗೆ ಅದು ತಾನಾಗಿ ಬರುವುದಿಲ್ಲ. ವಂಚನೆಗೆ ಹಿಂದಿನ ಕೆಲವು ತಿಂಗಳ ಆ ದಾಖಲೆಯನ್ನು ದೂರುದಾರರಿಗೂ ಒಂಬುಡ್ಸ್‌ಮನ್‌ಗೂ ಒದಗಿಸುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಬೇಕು. ಕರೆಯೇ ಬಾರದ ದಿನ ಒಂದು ಖಾತೆ ತೆರೆದುಕೊಂಡಿದ್ದರೆ, ಅದಕ್ಕೆ ಕಾರಣ ಕೊಡಬೇಕಾದವರು ಬ್ಯಾಂಕಿನವರು.