ಹಿತ್ತಲ ಬಾಗಿಲ ವರ್ಡ್‌ಪ್ರೆಸ್

ವರ್ಡ್‌ಪ್ರೆಸ್ ಸೈಟಿನಲ್ಲಿ ಸಾವಿರಾರು ಲೇಖನಗಳನ್ನು ಒಟ್ಟಿಗೇ ಸೇರಿಸಬೇಕು ಅಂದಾಗ ನಾವು ಇಂಜಿನಿಯರುಗಳು ಮಾಡೋದು ಒಂದೇ ಕೆಲಸ. ಪುಟ್ಟದೊಂದು ಪಿಎಚ್‌ಪಿ ಫೈಲ್ ಬರೆದು, ಮೊದಲ ಸಾಲಿನಲ್ಲಿ 'ಡಬ್ಲ್ಯೂಪಿ-ಲೋಡ್' ಫೈಲನ್ನು ಕರೆಸಿಕೊಳ್ಳೋದು. ಅಲ್ಲಿಂದ ಮುಂದೆ ವರ್ಡ್‌ಪ್ರೆಸ್ಸಿನ ಫಂಕ್ಷನ್‌ಗಳೆಲ್ಲ ನಮ್ಮ ಕೈಯಾಳುಗಳು. ತಿಳಿದವರು ಇದಕ್ಕೆ ಮೂಗು ಮುರೀತಾರೆ, ಹಿತ್ತಲ ಬಾಗಿಲು ಅಂತಾರೆ. ಹಳೇ ಕೋಡ್ ತೆಗೆದು ನೋಡಿದರೆ ಒಂದು ಕಾಲಕ್ಕೆ ಇದೇ ಹೆಬ್ಬಾಗಿಲಾಗಿತ್ತು.

2001ರಲ್ಲಿ ಕಾರ್ಸಿಕಾದ ಮಿಶೆಲ್ ವಾಲ್ಡ್ರಿಗಿ 'ಬಿ2' ಅನ್ನೋ ಬ್ಲಾಗ್ ತಂತ್ರಾಂಶ ಬರೆದ. ಅದರಲ್ಲಿ ಮುಖಪುಟ ಅಂದರೆ ನೀವೇ ಬರೆದ ಒಂದು ಸಾಮಾನ್ಯ ಪುಟ. ತಲೆಯಲ್ಲಿ 'ಬ್ಲಾಗ್ ಹೆಡರ್' ಫೈಲ್ ಸೇರಿಸಿ, ಬೇಕಾದ ಕಡೆ ಶೀರ್ಷಿಕೆ ತೋರಿಸೋ ಫಂಕ್ಷನ್ ಕರೆದರೆ ಮುಗೀತು. ಪುಟ ನಿಮ್ಮದು, ತಂತ್ರಾಂಶ ಅದರೊಳಗಿನ ಅತಿಥಿ. ಆಮೇಲೆ ವಾಲ್ಡ್ರಿಗಿ ತಿಂಗಳುಗಟ್ಟಲೆ ಪತ್ತೆಯಿಲ್ಲ. ಲೈಸೆನ್ಸ್ ಜಿಪಿಎಲ್ ಆಗಿದ್ದರಿಂದ, ಅಮೆರಿಕದ 19ರ ಹುಡುಗ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ಅದೇ ಕೋಡನ್ನು ಮುಂದುವರಿಸಿ, 2003ರ ಮೇ 27ರಂದು ವರ್ಡ್‌ಪ್ರೆಸ್ ಹೆಸರಲ್ಲಿ ಬಿಟ್ಟರು.

2005ರ 1.5 ಆವೃತ್ತಿಯಲ್ಲಿ ಥೀಮ್‌ಗಳು ಬಂದವು, ಸಂಬಂಧ ತಿರುಗಾ ಮುರುಗಾ ಆಯ್ತು. ಈಗ ತಂತ್ರಾಂಶವೇ ಯಜಮಾನ, ನಿಮ್ಮ ಪುಟ ಅದರೊಳಗಿನ ಕೋಣೆ. ಹೊರಗಿನಿಂದ ಫಂಕ್ಷನ್ ಬೇಕಾದವರು ಸೀದಾ 'ಕಾನ್ಫಿಗ್' ಫೈಲನ್ನೇ ಎಳೆದುಕೊಳ್ಳತೊಡಗಿದರು. 2008ರ 2.6ರಲ್ಲಿ, ಡೇಟಾಬೇಸ್ ಪಾಸ್‌ವರ್ಡ್ ಇರೋ ಆ ಫೈಲನ್ನು ಒಂದು ಫೋಲ್ಡರ್ ಮೇಲಕ್ಕೆ ಸಾಗಿಸಬಹುದು ಅಂತಾಯ್ತು. ಸಾಗಿಸಿದವರ ಸೈಟಿನಲ್ಲಿ ಇಂಥ ಸ್ಕ್ರಿಪ್ಟ್‌ಗಳು ಮಲಗಿದವು. ಕಾನ್ಫಿಗ್ ಎಲ್ಲಿದ್ದರೂ ಹುಡುಕಿಕೊಳ್ಳಲಿ ಅಂತ ಅದೇ ಆವೃತ್ತಿಯಲ್ಲಿ ಹುಟ್ಟಿದ್ದು ಡಬ್ಲ್ಯೂಪಿ-ಲೋಡ್. ತಮಾಷೆ ಅಂದರೆ, ಪ್ಲಗಿನ್‌ಗಳಿರೋ ಫೋಲ್ಡರನ್ನೂ ಬೇರೆಡೆ ಇಡಬಹುದು ಅಂದದ್ದೂ ಅದೇ 2.6. ಹಾಗಾಗಿ 'ಮೂರು ಫೋಲ್ಡರ್ ಮೇಲೆ ಹೋಗಿ ಲೋಡ್ ಹುಡುಕು' ಅಂತ ಬರೆದ ಪ್ಲಗಿನ್‌ಗಳಿಗೂ ನೆಮ್ಮದಿ ಇರಲಿಲ್ಲ.

ಇಷ್ಟೆಲ್ಲ ಪಾಡು ಯಾಕೆ, ಸೀದಾ ಡೇಟಾಬೇಸಿಗೇ ಬರೆದರೆ ಆಗಲ್ವಾ ಅಂತ ಕೇಳಬಹುದು. ಹಳೇ ನುಡಿ ಫಾಂಟಿನ ಲೇಖನಗಳನ್ನು ಯೂನಿಕೋಡಿಗೆ ತಿರುಗಿಸಿ ವರ್ಡ್‌ಪ್ರೆಸ್ಸಿಗೆ ತುಂಬೋ ಕೆಲಸ ನಾನೊಮ್ಮೆ ಮಾಡಿದ್ದೇನೆ. ಲೇಖನದ ವಿಳಾಸಕ್ಕೆ ಡೇಟಾಬೇಸಿನಲ್ಲಿರೋದು 200 ಸ್ಥಾನ. ಕನ್ನಡದ ಒಂದೊಂದು ಚಿಹ್ನೆಯೂ ವಿಳಾಸದಲ್ಲಿ 9 ಸ್ಥಾನ ತಿನ್ನುತ್ತೆ, ಕಾಗುಣಿತ ಒತ್ತುಗಳೂ ಲೆಕ್ಕಕ್ಕೆ ಬರ್ತವೆ. 'ಸ್ವಾತಂತ್ರ್ಯ' ಅನ್ನೋ ಒಂದು ಪದಕ್ಕೇ 99 ಹೋಯ್ತು! ನಾವೇ ಕತ್ತರಿಸಿದರೆ ಅಕ್ಷರದ ನಡುವೆ ಕತ್ತರಿ ಬಿದ್ದು ಲಿಂಕ್ ಕೆಡುತ್ತೆ. ವರ್ಡ್‌ಪ್ರೆಸ್ಸಿನ ಒಳಗಿನ ಫಂಕ್ಷನ್ ಚಿಹ್ನೆ ಮುಗಿಯೋ ಕಡೆಯೇ ನಿಲ್ಲುತ್ತೆ, ಎರಡು ಲೇಖನಕ್ಕೆ ಒಂದೇ ವಿಳಾಸ ಬಂದರೆ ಕೊನೆಗೊಂದು ಅಂಕಿ ಹಚ್ಚುತ್ತೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಇಲ್ಲಿ ಅದೇ ಮದ್ದು.

ಆದರೆ ಆ ಫಂಕ್ಷನ್ ಒಂದನ್ನು ಮಾತ್ರ ಮಾಡಲ್ಲ: ನೀನ್ಯಾರು ಅಂತ ಕೇಳಲ್ಲ. ನಮ್ಮೂರ ಮನೆಗಳಲ್ಲೂ ಹಿತ್ತಲಿಂದ ಬಂದವರನ್ನ ಯಾರೂ ಹೆಸರು ಕೇಳ್ತಿರಲಿಲ್ಲ, ಬರ್ತಿದ್ದದ್ದು ಪಕ್ಕದ ಮನೆಯೋರು ಇಲ್ಲಾ ಕೋಳಿ. ಕರೆಯೋದು ಮನೆಯೊಳಗಿನವರೇ, ವಿಚಾರಣೆ ಮುಂಬಾಗಿಲಲ್ಲೇ ಮುಗಿದಿರುತ್ತೆ ಅನ್ನೋ ನಂಬಿಕೆ ಮೇಲೆ ಕಟ್ಟಿದ ಫಂಕ್ಷನ್ ಅದು. ಅವಸರದಲ್ಲಿ ಬರೆದ ಸ್ಕ್ರಿಪ್ಟ್ ಸರ್ವರಿನ ತೆರೆದ ಫೋಲ್ಡರಿನಲ್ಲಿ ಉಳಿದುಬಿಟ್ಟರೆ, ಅದರ ವಿಳಾಸ ಊಹಿಸಿದ ಯಾರು ಬೇಕಾದರೂ ಅದನ್ನು ಓಡಿಸಬಹುದು. ಬರೆದವನು ಅಷ್ಟೊತ್ತಿಗೆ ಬೇರೆ ಕಂಪನಿ ಸೇರಿರ್ತಾನೆ.

2011ರಲ್ಲಿ ಶುರುವಾದ ಡಬ್ಲ್ಯೂಪಿ-ಸಿಎಲ್‌ಐ ಇದಕ್ಕೆ ಒಳ್ಳೇ ದಾರಿ ತೋರಿಸಿತು. ಅದರ 'ಇವ್ಯಾಲ್-ಫೈಲ್' ಆದೇಶ ಮೊದಲು ವರ್ಡ್‌ಪ್ರೆಸ್ಸನ್ನು ಎಬ್ಬಿಸಿ, ಆಮೇಲೆ ನಿಮ್ಮ ಸ್ಕ್ರಿಪ್ಟನ್ನು ಟರ್ಮಿನಲ್ಲಿನಲ್ಲೇ ಓಡಿಸುತ್ತೆ. ಫೈಲ್ ತೆರೆದ ಫೋಲ್ಡರಿಗೆ ಹೋಗಬೇಕಾಗೇ ಇಲ್ಲ. ಹೊರಗಿನ ಆ್ಯಪ್‌ಗಳಿಗೆ ಅಂತಲೇ 2016ರ 4.7ರಲ್ಲಿ ರೆಸ್ಟ್ ಎಪಿಐ ಬಂತು, ಬರೆಯೋಕೆ ಬಂದವರನ್ನ ಅದು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುತ್ತೆ.

ಕುತೂಹಲ ಇದ್ದರೆ ಇವತ್ತಿನ ವರ್ಡ್‌ಪ್ರೆಸ್ಸಿನ ಇಂಡೆಕ್ಸ್ ಫೈಲ್ ತೆರೆದು ನೋಡಿ. ಕಾಮೆಂಟ್ ಬಿಟ್ಟರೆ ಕೆಲಸ ಮಾಡೋದು ಎರಡೇ ಸಾಲು. ಮೊದಲನೆಯದು ಥೀಮ್ ಬಳಸು ಅನ್ನುತ್ತೆ. ಎರಡನೆಯದು ಕರೆಯೋದು ಅದೇ ಬ್ಲಾಗ್ ಹೆಡರನ್ನು.